ಕಂಡ ಡ್ರೋನನ್ನು ಕೆಡವುವವರು ಯಾರು?

ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,

ಮಾನ್ಯರೇ,

2018ರ ಡಿಸೆಂಬರ್ 19ರ ರಾತ್ರಿ ಲಂಡನ್ ಬಳಿಯ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಡ್ರೋನ್ ಕಂಡಿತೆಂಬ ಸುದ್ದಿ ಹಬ್ಬಿತು, ರನ್‌ವೇ ಮುಚ್ಚಿತು. ಕ್ರಿಸ್‌ಮಸ್‌ಗೆ ಊರಿಗೆ ಹೊರಟಿದ್ದ ಸುಮಾರು 1.4 ಲಕ್ಷ ಜನ ಪರದಾಡಿದರು. ಸಾವಿರದಷ್ಟು ವಿಮಾನಗಳು ರದ್ದಾದವು, ಇಲ್ಲವೇ ಬೇರೆಡೆ ಇಳಿದವು. ಹಾರಿಸಿದವನು ಸಿಗಲೇ ಇಲ್ಲ. ಸಿಕ್ಕಿಬಿದ್ದದ್ದು ಏನೂ ಅರಿಯದ ದಂಪತಿ. ಅವರಿಗೆ ಪರಿಹಾರ, ವಕೀಲರ ಖರ್ಚು ಸೇರಿ ಪೊಲೀಸರು 2 ಲಕ್ಷ ಪೌಂಡ್ ತೆರಬೇಕಾಯಿತು. ಜನ ಕಂಡದ್ದರಲ್ಲಿ ಕೆಲವು ತಮ್ಮದೇ ಡ್ರೋನ್ ಇದ್ದೀತೆಂದು ಪೊಲೀಸರೇ ಒಪ್ಪಿಕೊಂಡದ್ದು ಬೇರೆ!

ಪತ್ತೆ ಅಷ್ಟು ಕಷ್ಟ. ರೇಡಾರ್ ಹದ್ದನ್ನೂ ಡ್ರೋನನ್ನೂ ಸುಲಭವಾಗಿ ಬೇರ್ಪಡಿಸದು. ಡ್ರೋನ್ ಮತ್ತು ರಿಮೋಟ್ ನಡುವಿನ ಮಾತನ್ನು ಕದ್ದು ಕೇಳುವ ಆಂಟೆನಾ ಇದೆ. ಆದರೆ ದಾರಿಯನ್ನು ಮೊದಲೇ ತುಂಬಿ ಬಿಟ್ಟ ಡ್ರೋನ್ ಮಾತೇ ಆಡದಿರಬಹುದು. ಆದ್ದರಿಂದ ಇವೆರಡರ ಜತೆ ಕ್ಯಾಮೆರಾವೂ ಬೇಕು. ಡಿಆರ್‌ಡಿಒ ರೂಪಿಸಿ ಬೆಂಗಳೂರಿನ ಬಿಇಎಲ್ ತಯಾರಿಸುವ ವ್ಯವಸ್ಥೆಯಲ್ಲಿ ಇವೆಲ್ಲ ಇವೆ, ಸಂಪರ್ಕ ಕಡಿಯುವ ಜಾಮರ್ ಇದೆ, ಸುಡುವ ಲೇಸರೂ ಇದೆ. 2021ರ ಜೂನ್ 27ರಂದು ಜಮ್ಮು ವಾಯುನೆಲೆಯ ಮೇಲೆ ಡ್ರೋನ್‌ಗಳು ಸ್ಫೋಟಕ ಬೀಳಿಸಿದ ಮೇಲೆ ಸೇನೆಗೆ ಇದರ ಅಗತ್ಯವನ್ನು ಯಾರೂ ವಿವರಿಸಬೇಕಿಲ್ಲ.

ಸೇನೆಯ ಬೇಲಿಯಾಚೆ?

ಅಲ್ಲಿ ನೋಡಲು ಅಡ್ಡಿಯಿಲ್ಲ, ತಡೆಯಲು ಕೈಕಟ್ಟು. 2021ರ ಡ್ರೋನ್ ನಿಯಮಗಳು ಎಲ್ಲಿ, ಎಷ್ಟು ಎತ್ತರ ಹಾರಬಹುದೆಂದು ಹೇಳುತ್ತವೆ. ತಪ್ಪಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಜಾಮರ್ ಮಾತ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲ, ಖಾಸಗಿಯವರು ಕೊಳ್ಳುವಂತೆಯೇ ಇಲ್ಲ. ಈ ಬಿಗಿ ನ್ಯಾಯವೇ. ಜಾಮರ್‌ಗೆ ಕಳ್ಳನೂ ಒಂದೇ, ಸಾಚಾನೂ ಒಂದೇ: ನೆರೆಯ ವೈಫೈ ಸಾಯುತ್ತದೆ, ಜಿಪಿಎಸ್ ಕೆಡಿಸಿದರೆ ಇಳಿಯುತ್ತಿರುವ ವಿಮಾನಕ್ಕೂ ತೊಂದರೆ. ಕಿಕ್ಕಿರಿದ ಕ್ರೀಡಾಂಗಣದ ಮೇಲೆ ಸಂಪರ್ಕ ಕಡಿದ ಡ್ರೋನ್ ಉದುರಿದರೆ ಯಾರದೋ ತಲೆಯ ಮೇಲೆಯೇ. ಆದ್ದರಿಂದ ಕಂಡಕಂಡವರ ಕೈಗೆ ಜಾಮರ್ ಕೊಡಿ ಎಂಬ ಬೇಡಿಕೆ ಈ ಪತ್ರದ್ದಲ್ಲ.

2025ರ ಸೆಪ್ಟೆಂಬರ್‌ನಲ್ಲಿ ತಮ್ಮ ಸಚಿವಾಲಯ ನಾಗರಿಕ ಡ್ರೋನ್ ಮಸೂದೆಯ ಕರಡು ಹೊರಡಿಸಿತು. ಅದರಲ್ಲಿ ಹಾರಿಸುವವನನ್ನು ಶಿಕ್ಷಿಸುವುದಕ್ಕೆ ಕೊಡುವ ಗಮನ ತಡೆಯುವವನಿಗೂ ಸಿಗಲಿ. ದೇವನಹಳ್ಳಿಯ ರನ್‌ವೇ ಮೇಲೆ ಡ್ರೋನ್ ಸುಳಿದರೆ ಗುಂಡಿ ಒತ್ತಲು ಆಜ್ಞೆ ಕೊಡುವವರು ಸಿಐಎಸ್‌ಎಫ್‌ನವರೋ, ರಾಜ್ಯ ಪೊಲೀಸರೋ? ಬಿದ್ದ ಡ್ರೋನ್ ಕಾರಿನ ಗಾಜು ಒಡೆದರೆ ಯಾರು ಕೊಡಬೇಕು? ಔಷಧಿ ಸಿಂಪಡಿಸುತ್ತಿದ್ದ ರೈತನ ಡ್ರೋನನ್ನು ತಪ್ಪಿ ಕೆಡವಿದರೆ? ಆ ಆಜ್ಞೆ ಕೊಡುವ ಅಧಿಕಾರಿಯ ಹುದ್ದೆ, ಆತ ಒತ್ತಬಹುದಾದ ಗುಂಡಿ, ಮರುದಿನ ಆತ ಬರೆಯಬೇಕಾದ ವರದಿ, ಮೂರೂ ಕಾಯ್ದೆಯ ಪುಟದಲ್ಲೇ ಇರಲಿ.

ಇಂತಿ,
ಒಬ್ಬ ವಿಮಾನ ಪ್ರಯಾಣಿಕ