ಬದು ಹಾಕಿದವರಿಗೆ ಪಹಣಿ ಇಲ್ಲ

ಜುಲೈ ತಿಂಗಳ ಮಳೆಯಲ್ಲಿ ಗೋರೆಗಾಂವ್ ಪೂರ್ವದ ಮಾರುಕಟ್ಟೆಯ ಅಂಚಿಗೆ ಹೋದರೆ, ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತ ಹೆಂಗಸರು ಕಾಣುತ್ತಾರೆ. ಅವರ ಮುಂದೆ ಮಡಹಾಗಲದ ಸಣ್ಣ ಗುಡ್ಡೆ, ಕೆಸುವಿನೆಲೆಯ ಕಟ್ಟು, ಮರಾಠಿಗರು ಟಾಕಳಾ ಎನ್ನುವ, ತುಳುವರು ತಜಂಕ್ ಎಂದು ಕರೆಯುವ ಎಳೆ ಸೊಪ್ಪು. ಊರು ಬಿಟ್ಟು ಎಷ್ಟೋ ವರ್ಷವಾದ ತುಳುನಾಡಿನ ಗೃಹಿಣಿ ಅದನ್ನು ಕಂಡೊಡನೆ ನಿಂತುಬಿಡುತ್ತಾಳೆ. ಮಾರುವವರಲ್ಲಿ ಕೆಲವರು ದೂರದಿಂದ ರೈಲಿನಲ್ಲಿ ಬಂದವರು. ಇನ್ನು ಕೆಲವರು ಪಕ್ಕದ ಆರೆ ಕಾಲೊನಿಯ ಪಾಡಾಗಳವರು. ವಾರ್ಲಿ, ಕೊಕಣಾ, ಮಲ್ಹಾರ್ ಕೋಳಿ ಆದಿವಾಸಿಗಳು.

ಪಾಡಾ ಎಂದರೆ ನಮ್ಮ ಹಾಡಿ, ಪೋಡು ಇದ್ದಂತೆ. ಆರೆಯಲ್ಲಿ ಇಂಥ 27 ಪಾಡಾಗಳಿವೆ. ಅಲ್ಲಿನ ಕುಟುಂಬಗಳು ಮಳೆಗಾಲದಲ್ಲಿ ಒಂದು ಬೆಳೆ ಭತ್ತ ತೆಗೆಯುತ್ತವೆ. ಬದುವಿನ ಮೇಲೆ, ಗುಡಿಸಲ ಹಿಂದೆ ಹೀರೆ, ಸೋರೆ, ಸೌತೆ, ಅಲಸಂದೆ ಬೆಳೆಯುತ್ತವೆ. ಮುಂಬಯಿಯಲ್ಲಿ ಭತ್ತದ ಗದ್ದೆಯೇ ಎಂದು ಹುಬ್ಬೇರಿಸುವವರೇ ಹೆಚ್ಚು. ಪೇಟೆಯೊಳಗಿದ್ದ ಎಮ್ಮೆ ಕೊಟ್ಟಿಗೆಗಳನ್ನು ಹೊರಗೆ ಸಾಗಿಸಲು ಸರ್ಕಾರ 1949ರಲ್ಲಿ ಸುಮಾರು 3,160 ಎಕರೆಯಲ್ಲಿ ಹಾಲಿನ ಕಾಲೊನಿ ಕಟ್ಟುವ ಹೊತ್ತಿಗಾಗಲೇ ಈ ಜನ ಇಲ್ಲಿದ್ದರು. ಆಮೇಲೆ 1977ರಲ್ಲಿ ಚಿತ್ರನಗರಿ ಬಂತು. 26/11ರ ದಾಳಿಯ ಬಳಿಕ ಕಮಾಂಡೊ ಪಡೆಯ ನೆಲೆ ಬಂತು. ಮೆಟ್ರೊ ಡಿಪೋ ಬಂದಾಗ ಪ್ರಜಾಪುರ್ ಪಾಡಾದವರು ಗದ್ದೆ ಬಿಟ್ಟು ಬಹುಮಹಡಿ ಕಟ್ಟಡದ ಖೋಲಿ ಸೇರಬೇಕಾಯಿತು.

ಇಂಥವರ ಬಗ್ಗೆ ಕೃಷಿ ಸಭೆಗಳಲ್ಲಿ ಪದೇ ಪದೇ ಕೇಳುವ ಮಾತೊಂದಿದೆ: ಆದಿವಾಸಿ ರೈತರು ಸುಧಾರಿತ ಪದ್ಧತಿಗೆ ಬೇಗ ಒಗ್ಗುವುದಿಲ್ಲ, ಅವರ ಮನೋಭಾವ ಬದಲಾಗಬೇಕು. ಈ ಮಾತು ತಪ್ಪು. ತೊಡಕು ಮನೋಭಾವದಲ್ಲಿಲ್ಲ, ಕಾಲದ ಲೆಕ್ಕದಲ್ಲಿದೆ. ಹೊಸ ಪದ್ಧತಿಗೆ ಇಂದು ಹಾಕಿದ ಬೆವರು ಫಲ ಕೊಡುವುದು ನಾಳೆ, ನಾಡಿದ್ದು, ಐದು ವರ್ಷದ ಮೇಲೆ. ಅಷ್ಟು ದಿನ ಈ ಗದ್ದೆ ತನ್ನ ಕೈಯಲ್ಲಿ ಇರುತ್ತದೆಯೇ ಎಂಬುದು ಗೊತ್ತಿಲ್ಲದವನು ಏನನ್ನು ನಂಬಿ ಬೆವರು ಸುರಿಸಬೇಕು?

ಹೊಸ ವಿಧಾನಕ್ಕೆ ಯಾರು ಬೇಗ ಬರುತ್ತಾರೆ, ಯಾರು ತಡವಾಗಿ ಬರುತ್ತಾರೆ ಎಂಬ ಅಧ್ಯಯನಕ್ಕೆ ಬುನಾದಿ ಬಿದ್ದದ್ದು ಅಮೆರಿಕದ ಅಯೋವಾದಲ್ಲಿ. ಹೈಬ್ರಿಡ್ ಮೆಕ್ಕೆಜೋಳ ಅಲ್ಲಿ ಹೇಗೆ ಹರಡಿತು ಎಂಬುದನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 1943ರಲ್ಲಿ ಬರೆದರು. 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಇದೇ ಜಾಡಿನಲ್ಲಿ ಎವರೆಟ್ ರೋಜರ್ಸ್ 1962ರ ತಮ್ಮ ಪುಸ್ತಕದಲ್ಲಿ ಜನರನ್ನು ಐದು ಗುಂಪು ಮಾಡಿ, ಕೊನೆಯ ಗುಂಪಿಗೆ ಹಿಂದೆ ಬಿದ್ದವರು ಎಂಬ ಹೆಸರಿಟ್ಟರು. ಆ ಹೆಸರು ಇಂದಿಗೂ ಬಡ ರೈತನ ಬೆನ್ನು ಬಿಟ್ಟಿಲ್ಲ. ಅದೇ ಅಯೋವಾದ ಇನ್ನೊಂದು ಸಂಗತಿಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಅಲ್ಲಿನ ರೈತರು ಕೂಡ ಮೊದಲು ಹೊಲದ ಒಂದು ಮೂಲೆಯಲ್ಲಿ ಬೀಜ ಹಾಕಿ ನೋಡಿ, ವರ್ಷಗಳ ಮೇಲೆ ಇಡೀ ಹೊಲಕ್ಕೆ ಒಯ್ದಿದ್ದರು. ಹತ್ತು ಗುಂಟೆಯವನಿಗೆ ಪರೀಕ್ಷೆಗೆಂದು ಬಿಡುವ ಮೂಲೆ ಎಲ್ಲಿದೆ? ಅವನ ಪರೀಕ್ಷೆ ಕೈಕೊಟ್ಟರೆ ಮನೆಯಲ್ಲಿ ಅಕ್ಕಿ ಇರುವುದಿಲ್ಲ.

ಮುಂಬಯಿಯಿಂದ ಲೋಕಲ್ ರೈಲಿನಲ್ಲೇ ಹೋಗಬಹುದಾದ ನೇರಳ್‌ನಲ್ಲಿ ಚಂದ್ರಶೇಖರ ಭಡಸಾವಳೆ ಎಂಬ ಕೃಷಿಕರು ಸಗುಣಾ ಭತ್ತ ತಂತ್ರ ಎಂಬ ವಿಧಾನವನ್ನು ರೂಪಿಸಿದ್ದಾರೆ. ಕೆಸರು ಮಾಡುವುದಿಲ್ಲ, ನಾಟಿ ಇಲ್ಲ. ಒಮ್ಮೆ ಏರುಮಡಿ ಕಟ್ಟಿ, ಕಬ್ಬಿಣದ ಚೌಕಟ್ಟಿನಿಂದ ಗುಳಿ ಒತ್ತಿ ಬೀಜ ಹಾಕುವುದು. ಕೊಯ್ಲಾದ ಮೇಲೆ ಬುಡ ಕೀಳದೆ ಬೇರನ್ನು ಮಣ್ಣಲ್ಲೇ ಕೊಳೆಯಲು ಬಿಡುವುದು. ಮರುವರ್ಷ ಉಳದೆ ಅದೇ ಮಡಿಯಲ್ಲಿ ಬಿತ್ತುವುದು. ಬೆನ್ನು ಬಾಗಿಸಿ ನಾಟಿ ಮಾಡುವ ಹೆಣ್ಣುಮಕ್ಕಳ ಪಾಲಿಗೆ ಇದು ದೊಡ್ಡ ಬಿಡುಗಡೆ. ಆದರೆ ಮಡಿ ಕಟ್ಟುವ ಶ್ರಮವೆಲ್ಲ ಮೊದಲ ವರ್ಷದ್ದು, ಮಣ್ಣು ಹದಗೊಳ್ಳುವ ಲಾಭ ಮುಂದಿನ ವರ್ಷಗಳದ್ದು. ಗದ್ದೆಯ ಮೇಲೆ ನಾಳೆ ಬೇಲಿ ಬೀಳಬಹುದಾದ ಕಡೆ ಶಾಶ್ವತ ಮಡಿ ಎಂಬ ಮಾತಿಗೇ ಅರ್ಥವಿಲ್ಲ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಉಳುಮೆ ಇಲ್ಲದ ಈ ವಿಧಾನ ಕಳೆಗೆ ಕಳೆನಾಶಕವನ್ನು ನೆಚ್ಚಿಕೊಂಡಿದೆ. ತರಬೇತಿಯವರು ಕಳೆ ಎನ್ನುವುದರಲ್ಲಿ ತಜಂಕ್ ಕೂಡ ಸೇರಿದೆ. ಅದು ಆ ಮನೆಯ ಪಲ್ಯ, ಮಾರುಕಟ್ಟೆಯ ಗುಡ್ಡೆ. ಸಿಂಪಡಿಸುವ ಮುನ್ನ ಆ ಹೆಂಗಸರನ್ನು ಕೂರಿಸಿಕೊಂಡು ಮಾತಾಡಲೇಬೇಕು.

ಹಳೆಯ ಪದ್ಧತಿಗಳನ್ನು ಅಜ್ಞಾನ ಎಂದು ತಳ್ಳುವುದೂ ಹೊಸತಲ್ಲ. ಠಾಣೆ, ಪಾಲ್ಘರ್, ರಾಯಗಡದ ರೈತರು ಬೇಸಿಗೆಯಲ್ಲಿ ಸಸಿಮಡಿಯ ಮೇಲೆ ಸೊಪ್ಪು, ಕಡ್ಡಿ, ಸಗಣಿ ಹರಡಿ ಸುಡುತ್ತಾರೆ. ಅದಕ್ಕೆ ರಾಬ್ ಎನ್ನುತ್ತಾರೆ. ನಮ್ಮ ಕರಾವಳಿಯ ಸುಡುಮಣ್ಣಿಗೆ ಹತ್ತಿರದ ಪದ್ಧತಿ. ಇದರಿಂದ ಕಾಡಿಗೆ ಕೇಡೇ ಎಂಬ ಜಗಳ 1887ರ ಬಾಂಬೆ ಅರಣ್ಯ ಆಯೋಗದ ವರದಿಯಷ್ಟು ಹಳೆಯದು. ಸುಟ್ಟ ಮಡಿಯಲ್ಲಿ ಕಳೆಯ ಬೀಜ ಸಾಯುತ್ತದೆ, ಬೂದಿ ಗೊಬ್ಬರವಾಗುತ್ತದೆ, ಸಸಿ ಬೇಗ ಏಳುತ್ತದೆ. ರಾಬ್ ಬಿಡಿ ಎನ್ನುವವರು ಈ ಮೂರನ್ನೂ ಅಷ್ಟೇ ಅಗ್ಗದಲ್ಲಿ ಕೊಡಬೇಕಲ್ಲವೇ? ಆರೆಯಲ್ಲಂತೂ ಎಮ್ಮೆ ಕೊಟ್ಟಿಗೆಗಳ ಸಗಣಿಗೆ ಬರವಿಲ್ಲ. ಅದನ್ನು ಕಾಂಪೋಸ್ಟ್ ಮಾಡಿ ಪಾಡಾಗಳ ಗದ್ದೆಗೆ ತಲುಪಿಸುವುದು ಹೊಸ ಸಂಶೋಧನೆ ಬೇಡುವ ಕೆಲಸವಲ್ಲ.

ಲಾಭ ಬೇಗ ಕೈಗೆ ಬರುವಂತಿದ್ದರೆ ಇದೇ ಜನ ಬದಲಾಗುತ್ತಾರೆ. ಪಾಲ್ಘರ್ ಜಿಲ್ಲೆಯ ಜವ್ಹಾರ್, ವಿಕ್ರಮಗಡ ಕಡೆಯ ಆದಿವಾಸಿಗಳು ತುಂಡು ಜಮೀನಿನಲ್ಲಿ ಮೊಗರಾ, ಅಂದರೆ ದುಂಡುಮಲ್ಲಿಗೆ ಬೆಳೆದು ದಾದರ್ ಹೂಮಾರುಕಟ್ಟೆಗೆ ಕಳಿಸುತ್ತಾರೆ. ಶಂಕರಪುರ ಮಲ್ಲಿಗೆ ಮನೆಯಂಗಳದಿಂದ ಹೊರಟು ಎಷ್ಟು ಸಂಸಾರಗಳನ್ನು ಸಾಕಿದೆ ಎಂಬುದನ್ನು ಬಲ್ಲ ಉಡುಪಿಯವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ಸ್ವಲ್ಪ ಜಾಗ, ಮನೆಮಂದಿಯ ಕೈ, ದಿನದಿನವೂ ಕಾಸು. ಇಲ್ಲದಿದ್ದರೆ ಈ ಭಾಗದವರು ದೀಪಾವಳಿ ಕಳೆದೊಡನೆ ಭಿವಂಡಿ, ವಸಯಿಯ ಇಟ್ಟಿಗೆ ಭಟ್ಟಿಗಳಿಗೆ, ಮುಂಬಯಿಯ ಕಟ್ಟಡಗಳ ಕೆಲಸಕ್ಕೆ ಗುಳೆ ಹೊರಡಬೇಕು. ಇದಕ್ಕೆ ಅವರ ಮಾತು ‘ಜಗಾಯ್ಲಾ ಜಾಣೆ’, ಬದುಕಲು ಹೋಗುವುದು.

ಮಲ್ಲಿಗೆಗೂ ಬೇಸಿಗೆಯಲ್ಲಿ ನೀರು ಬೇಕು. ಮುಂಬಯಿಯ ನಲ್ಲಿಗಳಲ್ಲಿ ಹರಿಯುವುದು ಬಹುಪಾಲು ತಾನಸಾ, ಭಾತಸಾ, ವೈತರಣಾ ಜಲಾಶಯಗಳಲ್ಲಿ ತುಂಬಿದ ಈ ಆದಿವಾಸಿ ಸೀಮೆಯ ಮಳೆಯೇ. 2014ರಲ್ಲಿ ಮುಗಿದ ಮಧ್ಯ ವೈತರಣಾ ಅಣೆಕಟ್ಟು ಮೊಖಾಡಾ ತಾಲೂಕಿನಲ್ಲಿದೆ. ಅದೇ ಮೊಖಾಡಾದ ಪಾಡಾಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರಬೇಕು. ಎರಡನೇ ಬೆಳೆ ತೆಗೆಯಿರಿ ಎಂದು ಬುದ್ಧಿ ಹೇಳುವ ನಗರ, ಆ ಬೆಳೆಯ ನೀರನ್ನು ತಾನೇ ಕುಡಿಯುತ್ತಿದೆ.

2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ ಸಾವಿರಾರು ರೈತರು ಸುಮಾರು 180 ಕಿಲೋಮೀಟರ್ ನಡೆದು ಮುಂಬಯಿಗೆ ಬಂದರು. ಬಹಳಷ್ಟು ಮಂದಿ ಆದಿವಾಸಿಗಳು. ಕೆಲವರ ಅಂಗಾಲು ಒಡೆದು ರಕ್ತ ಒಸರುತ್ತಿತ್ತು. ಮರುದಿನ ಹತ್ತನೇ ತರಗತಿ ಪರೀಕ್ಷೆ ಇದೆ, ಮಕ್ಕಳಿಗೆ ತೊಂದರೆಯಾಗಬಾರದು ಎಂದು ಸಯನ್ ಬಳಿಯ ಸೋಮಯ್ಯ ಮೈದಾನದಿಂದ ಆಜಾದ್ ಮೈದಾನಕ್ಕೆ ನಡುರಾತ್ರಿಯಲ್ಲೇ ನಡೆದರು. ಅವರ ಮುಖ್ಯ ಬೇಡಿಕೆಗಳಲ್ಲೊಂದು 2006ರ ಅರಣ್ಯ ಹಕ್ಕು ಕಾಯ್ದೆಯ ಜಾರಿ, ಅಂದರೆ ಉಳುವ ನೆಲಕ್ಕೆ ಹೆಸರು. ಕರ್ನಾಟಕದಲ್ಲಿ ಪಹಣಿ ಇದ್ದಂತೆ ಮಹಾರಾಷ್ಟ್ರದಲ್ಲಿ ಸಾತ್‌ಬಾರಾ. ಅದು ಇಲ್ಲದವರಿಗೆ ಬ್ಯಾಂಕಿನ ಬೆಳೆಸಾಲವೂ ದೂರ, ಪಂಪ್‌ಸೆಟ್ಟೂ ದೂರ.

ನಮ್ಮ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಇಂದು ಅಲ್ಲಿನ ಪೋಡುಗಳ ಮರದ ನೆರಳಲ್ಲಿ ಕಾಫಿ, ಮೆಣಸು ಇವೆ. ಫಸಲಿಗೆ ಮೂರು-ನಾಲ್ಕು ವರ್ಷ ಕಾಯಬೇಕಾದ ಗಿಡಗಳವು. ಕಾಯುವ ಧೈರ್ಯಕ್ಕೆ ಹಕ್ಕುಪತ್ರದಂಥ ಆಸರೆ ಬೇರೆ ಇಲ್ಲ.

ಆರೆಯಲ್ಲಿ ನಡೆದದ್ದು ಬೇರೆಯೇ. ಇದು ಕಾಡೇ ಅಲ್ಲ ಎಂಬುದು ಸರ್ಕಾರದ ವಾದವಾಗಿತ್ತು. ಆ ವಾದ ನಡೆಯುತ್ತಿದ್ದಾಗ ಕಾಡಿನ ಹಕ್ಕನ್ನು ಕೇಳುವುದಾದರೂ ಹೇಗೆ? 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ಡಿಪೋಗೆಂದು ಎರಡು ಸಾವಿರಕ್ಕೂ ಹೆಚ್ಚು ಮರಗಳು ರಾತ್ರೋರಾತ್ರಿ ಉರುಳಿದವು; ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ ಹೆಚ್ಚೂಕಡಿಮೆ ಎಲ್ಲ ಮುಗಿದಿತ್ತು. ಮರುವರ್ಷ ಸರ್ಕಾರವೇ 812 ಎಕರೆಯನ್ನು ಮೀಸಲು ಅರಣ್ಯ ಮಾಡಲು ಹೊರಟಿತು. ಮರಗಳಿಗೆ ಇದು ಒಳ್ಳೆಯದೇ. ಆದರೆ ಮೀಸಲು ಗೆರೆ ಎಳೆಯುವ ಮುನ್ನ ಅದರೊಳಗೆ ಯಾರ ಗದ್ದೆ ಇದೆ, ಯಾರ ಬಾವಿ ಇದೆ ಎಂದು ವಿಚಾರಿಸಿ ಬರೆದುಕೊಳ್ಳಬೇಕೆಂದು 1927ರ ಅರಣ್ಯ ಕಾಯ್ದೆಯೇ ಹೇಳುತ್ತದೆ. ಆ ವಿಚಾರಣೆ ಪಾಡಾದ ಅಂಗಳದಲ್ಲಿ ನಡೆಯಲಿ. ಕಚೇರಿಯ ನಕ್ಷೆ ನೋಡಿ ಮುಗಿಸುವುದು ಬೇಡ.

ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ನೆಲ ತಮ್ಮ ಕೈಯಲ್ಲಿತ್ತು ಎಂಬುದಕ್ಕೆ ಸರ್ಕಾರಿ ಕಾಗದವೇ ಬೇಕೆಂದಿಲ್ಲ. ನೆಲ ಸಮತಟ್ಟು ಮಾಡಿದ್ದು, ಬದು ಹಾಕಿದ್ದು, ಬಾವಿ ತೋಡಿದ್ದು ಕೂಡ ಸಾಕ್ಷ್ಯ. ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಾಗಾದರೆ ಆರೆಯ ಪ್ರತಿಯೊಂದು ಗದ್ದೆಯ ಬದುವೂ ಒಂದು ದಾಖಲೆ. ಅದನ್ನು ಯಾರ ಅಜ್ಜ ಯಾವ ಮಳೆಗಾಲದ ಮುನ್ನ ಹಾಕಿದ ಎಂದು ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಈ ಸಲದ ಕೊಯ್ಲು ಮುಗಿದು ಗದ್ದೆ ಒಣಗಿದ ಕೂಡಲೇ ಅಧಿಕಾರಿಗಳು ಅಳತೆಪಟ್ಟಿ ಹಿಡಿದು ಅವರ ಜೊತೆ ಬದುವಿನ ಮೇಲೆ ನಡೆಯಬೇಕು.