ಮೊದಲು ಬೆಲ್ಟ್, ಆಮೇಲೆ ಅಲಾಯ್ ವೀಲು

"ಹಳೇ ಸ್ಪೋರ್ಟ್ಸ್ ಕಾರು ಅಂದ್ರೆ ಬಿಳಿಯಾನೆ, ಯಾವಾಗ ಕೈ ಕೊಡುತ್ತೋ ಗೊತ್ತಿಲ್ಲ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಗೊತ್ತಿಲ್ಲ ಅನ್ನೋದೇ ಸುಳ್ಳು.

ಪೋರ್ಷೆ 944 ತಗೊಳ್ಳಿ. ತಯಾರಾಗಿದ್ದು 1982ರಿಂದ 1991ರವರೆಗೆ. 911ಕ್ಕಿಂತ ಅಗ್ಗ ಅಂತ ಅಮೆರಿಕದಲ್ಲಿರೋ ನಮ್ಮ ಹುಡುಗರೂ ಇದರ ಮೇಲೆ ಕಣ್ಣು ಹಾಕ್ತಾರೆ. ಎಂಜಿನ್ ಮುಂದೆ ಎರಡು ಬೆಲ್ಟ್. ಒಂದು ಕ್ಯಾಮ್‌ಶಾಫ್ಟ್ ತಿರುಗಿಸುತ್ತೆ, ಇನ್ನೊಂದು ನಡುಕ ತಗ್ಗಿಸೋ ಬ್ಯಾಲೆನ್ಸ್ ಶಾಫ್ಟ್‌ಗಳನ್ನ. ಮೊದಲನೇದು ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತೆ, ವಾಲ್ವ್ ಬಾಗುತ್ತೆ. ಎರಡನೇದು ಹರಿದು ಮೊದಲನೇದಕ್ಕೆ ಸಿಕ್ಕಿಕೊಂಡರೂ ಅದೇ ಗತಿ. ಬೆಲ್ಟ್ ರಬ್ಬರಿನದು; ಗ್ಯಾರೇಜಲ್ಲಿ ಸುಮ್ನೆ ನಿಂತಿದ್ದರೂ ವಯಸ್ಸಾಗುತ್ತೆ. 4-5 ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಅದರಿಂದಲೇ ತಿರುಗೋ ವಾಟರ್ ಪಂಪನ್ನೂ ಆಗಲೇ ನೋಡಿಸಬೇಕು. "ಬರೀ 30,000 ಮೈಲಿ ಓಡಿದೆ" ಅಂತ ಮಾರೋನು ಎದೆಯುಬ್ಬಿಸಿದರೆ, ಬೆಲ್ಟ್ ಹಾಕಿಸಿದ ರಸೀದಿ ಎಲ್ಲಿ ಅಂತ ಕೇಳಿ.

ಆದರೆ ಕೊಂಡವರು ಮೊದಲು ಹಾಕಿಸೋದು ಹೊಸ ಅಲಾಯ್ ವೀಲು. ಮೇಲೆ ಥಳುಕು, ಒಳಗೆ ಹುಳುಕು. "ಓಡ್ತಿದೆಯಲ್ಲ, ಮುಟ್ಟಬೇಡಿ" ಅನ್ನೋ ನಿಯಮ ನಮ್ಮ ಆಫೀಸುಗಳ ಹಳೇ ಕೋಡಿಗೆ ನಡೆದೀತು. ಕೋಡ್ ಕ್ರ್ಯಾಶ್ ಆದರೆ ರೀಸ್ಟಾರ್ಟ್ ಮಾಡಬಹುದು. ಬಾಗಿದ ವಾಲ್ವ್‌ಗೆ ರೀಸ್ಟಾರ್ಟ್ ಬಟನ್ ಇಲ್ಲ.

ಎತ್ತು ಕೊಳ್ಳೋ ರೈತ ಮೇವಿನ ಲೆಕ್ಕ ಹಾಕಿಯೇ ಹಗ್ಗ ಹಿಡೀತಾನೆ. ಕಾರಿನ ಬೆಲೆ ಇಳಿದಿರಬಹುದು, ಅದರ ಮೇವಿನ ಬೆಲೆ ಇಳಿದಿಲ್ಲ. ಆ ದುಡ್ಡು ಬೇರೆ ತೆಗೆದಿಡೋಕೆ ಆಗದಿದ್ದರೆ ಕೊಳ್ಳಲೇಬೇಡಿ. ಕೊಂಡು ಹಾಳು ಮಾಡಿ, ಆಮೇಲೆ ಕಾರನ್ನ ಬೈಬೇಡಿ.