ಗುಮಾಸ್ತನ ಕೈಬರಹ

ಲೆಕ್ಕವಿಡುವ ತಂತ್ರಾಂಶವನ್ನು ಕೊಳ್ಳುವವನು ಯಜಮಾನ. ದಿನವಿಡೀ ಅದರ ಮುಂದೆ ಕುಳಿತಿರಬೇಕಾದವನು ಗುಮಾಸ್ತ. ಆದರೂ ಗುಣದೋಷಗಳ ವಿಚಾರ ಬಂದಾಗ ಗುಮಾಸ್ತನ ಅಭಿಪ್ರಾಯವನ್ನು ಕೇಳುವವರು ವಿರಳ.

ಟ್ಯಾಲಿ ಮತ್ತು ಎಸ್.ಎ.ಪಿ. ಎಂಬೆರಡನ್ನು ತೆಗೆದುಕೊಳ್ಳಬಹುದು. ಮೊದಲನೆಯದು 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯಾಪಾರಕ್ಕೆ ಒಪ್ಪುವ ತಂತ್ರಾಂಶ ದೊರೆಯದೆ, ಗಣಿತ ಪದವೀಧರನಾದ ಮಗ ಭರತನಿಗೆ ಆ ಕೆಲಸವನ್ನು ವಹಿಸಿದರು. ಎರಡನೆಯದನ್ನು 1972ರಲ್ಲಿ ಜರ್ಮನಿಯಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಬಿಟ್ಟುಬಂದ ಐವರು ಆರಂಭಿಸಿದರು. ನೈಲಾನ್ ಕಾರ್ಖಾನೆಯೊಂದು ಅವರ ಮೊದಲ ಗಿರಾಕಿ. ಹುಟ್ಟುಗುಣ ಎರಡರಲ್ಲಿಯೂ ಇಂದಿಗೂ ಉಳಿದಿದೆ.

ಕಿರ್ದಿ-ಖತಾವಣಿ ಬಲ್ಲವನಿಗೆ ಟ್ಯಾಲಿ ಬೇಗ ಒಲಿಯುತ್ತದೆ. ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ಜಮೆ, ಎಫ್8 ಒತ್ತಿದರೆ ಮಾರಾಟ. ಮೊದಲ ರಶೀದಿಯಿಂದ ಅಢಾವೆ ಪತ್ರಿಕೆಯವರೆಗೆ ಎಲ್ಲವೂ ಒಬ್ಬನ ಕಣ್ಣೆದುರಿಗೇ ಇರುತ್ತದೆ. ಎಸ್.ಎ.ಪಿ.ಯ ರೀತಿಯೇ ಬೇರೆ. ಖರೀದಿಯ ಆದೇಶ ಬರೆಯುವವನೊಬ್ಬ, ಉಗ್ರಾಣದಲ್ಲಿ ಸರಕನ್ನು ಎಣಿಸಿಕೊಳ್ಳುವವನು ಇನ್ನೊಬ್ಬ, ಬಿಲ್ಲನ್ನು ದಾಖಲಿಸುವವನು ಮತ್ತೊಬ್ಬ. ಮೂರೂ ತಾಳೆಯಾಗದಿದ್ದರೆ ಪಾವತಿಗೆ ತಡೆ ಬೀಳುತ್ತದೆ. ಮಿಗೋ, ಮಿರೋ ಮೊದಲಾದ ಸಂಕೇತಗಳನ್ನು ಬಾಯಿಪಾಠ ಮಾಡಿದವನಿಗೂ ತನ್ನ ಪಾಲಿನ ಕೆಲಸದ ಆಚೆಗೆ ಏನು ನಡೆಯುತ್ತಿದೆಯೆಂಬುದು ತಿಳಿಯದು.

ಆದರೆ ತಪ್ಪು ನಡೆದ ದಿನ ತೂಕ ಬದಲಾಗುತ್ತದೆ. ಎಸ್.ಎ.ಪಿ.ಯಲ್ಲಿ ದಾಖಲಾದುದನ್ನು ಅಳಿಸುವಂತಿಲ್ಲ. ವಿರುದ್ಧ ನಮೂದಿನಿಂದ ರದ್ದುಗೊಳಿಸಬೇಕು. ಇದು ಕಿರುಕುಳವೆನಿಸಿದರೂ, “ಹೋದ ತಿಂಗಳ ಬಿಲ್ಲನ್ನು ಸ್ವಲ್ಪ ತಿದ್ದಿಬಿಡಪ್ಪ” ಎನ್ನುವ ಯಜಮಾನನಿಗೆ “ಆಗುವುದಿಲ್ಲ ಸ್ವಾಮಿ” ಎನ್ನುವ ಧೈರ್ಯವನ್ನು ಯಂತ್ರವೇ ಕೊಡುತ್ತದೆ. ಟ್ಯಾಲಿಯಲ್ಲಿ ತಿದ್ದುವುದು ಸುಲಭ. ಲೆಕ್ಕಪರಿಶೋಧಕರು ಬಂದಾಗ ಬೆರಳು ತಿರುಗುವುದು ಮಾತ್ರ ತಿದ್ದಿಸಿದವನ ಕಡೆಗಲ್ಲ, ತಿದ್ದಿದವನ ಕಡೆಗೆ.

2023ರ ಏಪ್ರಿಲ್ 1ರಂದು ಆರಂಭವಾದ ಲೆಕ್ಕದ ವರ್ಷದಿಂದ, ಭಾರತದ ಕಂಪನಿಗಳು ಪ್ರತಿಯೊಂದು ತಿದ್ದುಪಡಿಯ ಕುರುಹನ್ನು ತಾರೀಖಿನೊಡನೆ ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಟ್ಯಾಲಿಯೂ ಅದಕ್ಕೆ ತಕ್ಕ ಆವೃತ್ತಿಯನ್ನು ತಂದಿದೆ. ಆದರೆ ಕಂಪನಿಯೆಂದು ನೋಂದಣಿಯಾಗದ ಅಂಗಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿನ ಗುಮಾಸ್ತನಿಗೆ ಎಚ್ಚರವೇ ರಕ್ಷೆ.

ಕೆಲಸ ಕಲಿಯುವವನಿಗೆ ಟ್ಯಾಲಿ ಒಳ್ಳೆಯ ಗುರು. ಹೆಸರು ಉಳಿಸಿಕೊಳ್ಳಬೇಕಾದವನಿಗೆ ಎಸ್.ಎ.ಪಿ. ಒಳ್ಳೆಯ ಸಾಕ್ಷಿ. ಯಾವುದರ ಮುಂದೆ ಕುಳಿತರೂ ತನ್ನ ಗುಪ್ತಪದವನ್ನು ಪಕ್ಕದವನಿಗೆ ಕೊಡದಿರುವುದು ಲೇಸು. ಹಿಂದಿನ ಗುಮಾಸ್ತ ತನ್ನ ಅಕ್ಷರದಿಂದ ಗುರುತಾಗುತ್ತಿದ್ದ. ಇಂದಿನವನಿಗೆ ಆ ಗುಪ್ತಪದವೇ ಕೈಬರಹ.